ಉದ್ದ ಉಳಿಯಬೇಕಾದರೆ ಗುಂಗುರು ಹಾಗೇ ಬಿಡಬೇಕಾ, ಸ್ಟ್ರೈಟ್ ಮಾಡಬೇಕಾ?

ಸುರುಳಿಎಳೆ:

ದಟ್ಟ ಗುಂಗುರು ಕೂದಲು, ಸುರುಳಿ ಪೆನ್ಸಿಲ್ ದಪ್ಪ. ಎಳೆದು ಹಿಡಿದರೆ ಹೆಗಲಿನಿಂದ ನಾಲ್ಕು ಬೆರಳು ಕೆಳಗೆ ಬರುತ್ತೆ, ಕೈಬಿಟ್ಟರೆ ಗಲ್ಲದ ಹತ್ತಿರ ಹೋಗಿ ಕೂರುತ್ತೆ. ಬುಡದಲ್ಲಿ ಹೊಸ ಕೂದಲು ಬರ್ತಾನೇ ಇದೆ, ಆದರೆ ಎರಡು ವರ್ಷದಿಂದ ಉದ್ದ ಮಾತ್ರ ಇದ್ದಲ್ಲೇ ಇದೆ. ಈಗಿನ ಕ್ರಮ: ವಾರಕ್ಕೊಮ್ಮೆ ತಲೆಸ್ನಾನ, ಒಣಗಿದ ಮೇಲೆ 210 ಡಿಗ್ರಿಯಲ್ಲಿ ಸ್ಟ್ರೈಟ್ನರ್, ಮಧ್ಯದಲ್ಲಿ ಎರಡು ಸಲ ತುದಿಗೆ ಮಾತ್ರ ಟಚಪ್.

ಸ್ಟ್ರೈಟ್ ಇದ್ದರೆ ಸಿಕ್ಕಾಗಲ್ಲ, ಸಿಕ್ಕಾಗದಿದ್ದರೆ ತುಂಡಾಗಲ್ಲ, ಹಾಗಾಗಿ ಉದ್ದ ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ. ಶಾಖವೇ ಕೂದಲನ್ನು ತಿನ್ನೋದು, ಗುಂಗುರು ಹಾಗೇ ಬಿಡಿ ಅಂತ ಇನ್ನು ಕೆಲವರು. ಇದರಲ್ಲಿ ಯಾವುದು ಸರಿ? ಪರ್ಮನೆಂಟ್ ಸ್ಟ್ರೈಟನಿಂಗ್ ಮಾಡಿಸಿಬಿಟ್ಟರೆ ವಾರವಾರದ ಶಾಖ ತಪ್ಪುತ್ತಲ್ಲ, ಉದ್ದದ ದೃಷ್ಟಿಯಿಂದ ಅದು ವಾಸಿನಾ?

ಅಗಲಹಲ್ಲು:

ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ನಿಜ ಇದೆ. ಕೂದಲು ಬೆಳೆಯೋದು ಬುಡದಲ್ಲಿ, ಉದ್ದ ಕಳೆದುಹೋಗೋದು ತುದಿಯಲ್ಲಿ. ನಿಮ್ಮ ಬುಡ ಸರಿಯಾಗೇ ಕೆಲಸ ಮಾಡ್ತಿದೆ. ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತೆ (ತೀರಾ ಬಿಗಿ ಸುರುಳಿಯಾದರೆ ಸ್ವಲ್ಪ ಕಡಿಮೆ). ಅಷ್ಟೇ ಉದ್ದ ಕೆಳಗಡೆ ಮುರಿದುಹೋಗ್ತಿದೆ, ಅದಕ್ಕೇ ಎರಡು ವರ್ಷದಿಂದ ಒಂದೇ ಅಳತೆ.

ಹಾಗಾಗಿ ತುದಿಯ ವಯಸ್ಸು ಲೆಕ್ಕ ಹಾಕಿ. 45 ಸೆಂ.ಮೀ. ಉದ್ದದ ಕೂದಲಿನ ತುದಿ ಬುಡದಿಂದ ಹೊರಬಂದು ಹತ್ತಿರ ಹತ್ತಿರ ಮೂರು ವರ್ಷ ಆಗಿರುತ್ತೆ. ವಾರಕ್ಕೊಮ್ಮೆ ಸ್ಟ್ರೈಟ್ನರ್, ಪ್ರತಿ ಸಲ ಒಂದೇ ಜಾಗದ ಮೇಲೆ ಎರಡು ಸಲ ಓಡಿಸಿದರೆ ಮೂರು ವರ್ಷಕ್ಕೆ 312 ಸಲ ಬಿಸಿ ಪ್ಲೇಟು ಆ ತುದಿಯ ಮೇಲೆ ಹೋಗಿರುತ್ತೆ. ವಾರದ ಮಧ್ಯೆ ಎರಡು ಟಚಪ್ ಸೇರಿಸಿದರೆ, ಒಂದೊಂದೇ ಸಲ ಓಡಿಸಿದರೂ, ಇನ್ನೂ 312. ಅಂದರೆ ಒಟ್ಟು ಶಾಖದ ಅರ್ಧ ಪಾಲು ಆ ಟಚಪ್‌ನಿಂದಲೇ, ಅದೂ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಸವೆದ ಜಾಗಕ್ಕೆ. ತಿಂಗಳಿಗೊಮ್ಮೆ, ಒಂದೇ ಸಲ ಓಡಿಸುವವರ ತುದಿಗೆ ಅದೇ ಮೂರು ವರ್ಷದಲ್ಲಿ 36 ಸಲ. ಸ್ಟ್ರೈಟ್ ಮಾಡಿಯೂ ಸೊಂಟದವರೆಗೆ ಕೂದಲು ಇರುವವರು ಇದ್ದಾರೆ, ಅವರ ಗುಟ್ಟು ಈ ಸಂಖ್ಯೆಯಲ್ಲೇ ಇದೆ.

ಗುಂಗುರು ಹಾಗೇ ಬಿಟ್ಟರೂ ಪುಕ್ಕಟೆ ಅಲ್ಲ. ಸುರುಳಿ ಕೂದಲಿನ ಎಳೆ ಗುಂಡಗಿರಲ್ಲ, ಚಪ್ಪಟೆಯಾಗಿ ತಿರುಚಿಕೊಂಡಿರುತ್ತೆ. ಪ್ರತಿ ತಿರುವೂ ಒಂದು ದುರ್ಬಲ ಜಾಗ. ನೆತ್ತಿಯ ಜಿಡ್ಡು ಆ ತಿರುವುಗಳನ್ನು ದಾಟಿ ತುದಿ ತನಕ ಇಳಿಯಲ್ಲ. ಪಕ್ಕದ ಎಳೆಗೆ ಸುತ್ತಿಕೊಂಡು ಸಿಕ್ಕಾಗುತ್ತೆ, ಕೆಲವೊಮ್ಮೆ ಒಂದೇ ಎಳೆ ತನಗೆ ತಾನೇ ಗಂಟು ಹಾಕಿಕೊಳ್ಳುತ್ತೆ. ತುದಿಯನ್ನು ಬೆರಳ ಮಧ್ಯೆ ಜಾರಿಸಿ ನೋಡಿ, ಸಾಸಿವೆಗಿಂತ ಸಣ್ಣ ಕಾಳು ಸಿಕ್ಕ ಹಾಗೆ ಆಗುತ್ತಲ್ಲ, ಅದೇ ಆ ಗಂಟು. ಬಾಚಣಿಗೆ ಅದಕ್ಕೆ ತಗುಲಿದರೆ ಅಲ್ಲಿಂದ ಕೆಳಗಿನದು ಹೋಯ್ತು. ಒಣಗಿದ ಗುಂಗುರನ್ನು ದಿನಾ ಬಾಚುವವರ ತುದಿಯ ಮೇಲೆ ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಸಲ ಬಾಚಣಿಗೆ ಓಡಿರುತ್ತೆ. ಅವರು ಶಾಖ ಮುಟ್ಟದಿದ್ದರೂ ಉದ್ದ ನಿಲ್ಲಲ್ಲ.

ನಿಮ್ಮ ಕೂದಲಿಗೆ ನಾನು ಹೇಳೋದು ಇಷ್ಟು: ಗುಂಗುರು ಹಾಗೇ ಇರಲಿ, ಆದರೆ ಶಾಖವಿಲ್ಲದೆ ಎಳೆದು ಒಣಗಿಸಿ. ಒದ್ದೆ ಇರುವಾಗಲೇ ಆರೆಂಟು ಸಡಿಲ ಜಡೆ ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಸುರುಳಿ ಅರ್ಧ ಬಿಚ್ಚಿಕೊಂಡಿರುತ್ತೆ. ಸಿಕ್ಕೂ ಕಮ್ಮಿ, ಗಂಟೂ ಕಮ್ಮಿ. ಸ್ಟ್ರೈಟ್ ಬೇಕೇ ಬೇಕು ಅನ್ನಿಸಿದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಮಾಡಿ, ಮಧ್ಯೆ ಟಚಪ್ ಬೇಡವೇ ಬೇಡ.

ಮಾಡುವಾಗಿನ ಕ್ರಮ ಹೀಗಿರಲಿ. ಶಾಂಪೂ ಹಾಕಿ ಹಳೆಯ ಎಣ್ಣೆ, ಸೀರಮ್ ಎಲ್ಲ ತೆಗೀರಿ. ಕೊಳೆ ಉಳಿದರೆ ಪ್ಲೇಟು ಜಾರಲ್ಲ, ಜಾರದಿದ್ದರೆ ಎರಡನೇ ಸಲ ಓಡಿಸಬೇಕಾಗುತ್ತೆ. ಕಂಡೀಷನರ್ ಹಾಕಿ ಸಿಕ್ಕು ಬಿಡಿಸಿ ತೊಳೆದ ಮೇಲೆ, ಒದ್ದೆ ಕೂದಲಿಗೇ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ. ಪದಾರ್ಥಗಳ ಪಟ್ಟಿಯ ಮೊದಲ ಐದಾರು ಹೆಸರಲ್ಲಿ ಡೈಮೆಥಿಕೋನ್ ಅಥವಾ ಅಮೋಡೈಮೆಥಿಕೋನ್ (ಎರಡೂ ಸಿಲಿಕೋನ್‌ಗಳು) ಇರಲಿ. ಭಾಗ ಭಾಗ ಮಾಡಿ ಹಚ್ಚಿ, ಬಾಚಣಿಗೆಯಿಂದ ಹರಡಿ. ಮೇಲಿಂದ ಸ್ಪ್ರೇ ಮಾಡಿ ಬಿಟ್ಟರೆ ಒಳಗಿನ ಪದರಗಳಿಗೆ ಏನೂ ತಲುಪಿರಲ್ಲ. ಆಮೇಲೆ ಡ್ರೈಯರ್ ಮಧ್ಯಮ ಬಿಸಿಯಲ್ಲಿ, ಸುಮಾರು 15 ಸೆಂ.ಮೀ. ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ.

ಒಂದು ಹನಿ ಒದ್ದೆಯೂ ಇರಬಾರದು. ಒದ್ದೆ ಎಳೆಯ ಮೇಲೆ ಬಿಸಿ ಪ್ಲೇಟು ಒತ್ತಿದರೆ ಒಳಗಿನ ನೀರು ಕುದಿದು ಆವಿಯಾಗಿ ಎಳೆಯೊಳಗೆ ಗುಳ್ಳೆ ಏಳುತ್ತೆ, ಆ ಗುಳ್ಳೆಯ ಹತ್ತಿರವೇ ಕೂದಲು ಮುರಿಯುತ್ತೆ. ಚುಂಯ್ ಅಂತ ಸದ್ದು ಬಂತೋ, ಅಲ್ಲೇ ನಿಲ್ಲಿಸಿ. ಒಣಗಿದ ಮೇಲೆ ಎರಡು ಸೆಂ.ಮೀ. ಅಗಲದ, ಬೆಳಕು ಆಚೆ ಕಾಣುವಷ್ಟು ತೆಳುವಾದ ಪದರ ತಗೊಳ್ಳಿ. ಬಾಚಣಿಗೆ ಮುಂದೆ, ಅದರ ಬೆನ್ನಿಗೇ ಸ್ಟ್ರೈಟ್ನರ್, ಎರಡೂ ಒಟ್ಟಿಗೆ ಕೆಳಗಿಳಿಯಲಿ. ನಿಮ್ಮ ಉದ್ದಕ್ಕೆ ಒಂದು ಪದರಕ್ಕೆ ಎಂಟು ಹತ್ತು ಸೆಕೆಂಡು ಸಾಕು. ತುದಿಗೆ ಬಂದಾಗ ನಿಲ್ಲಿಸಬೇಡಿ, ಜಾರಿಸಿ ಬಿಟ್ಟುಬಿಡಿ.

210 ಡಿಗ್ರಿ ತೀರಾ ಹೆಚ್ಚಾಯ್ತು. 200 ದಾಟಿದರೆ ಒಣ ಕೂದಲಿನಲ್ಲೂ ಅದರ ಮುಖ್ಯ ಪ್ರೋಟೀನ್ ಆದ ಕೆರಾಟಿನ್‌ನ ರಚನೆಯೇ ಕೆಡೋಕೆ ಶುರುವಾಗುತ್ತೆ. ಎಳೆ ತೆಳು ಇದ್ದರೆ ಅಥವಾ ಬಣ್ಣ ಹಾಕಿದ್ದರೆ 150, ಸಾಧಾರಣ ಎಳೆಗೆ 165ರಿಂದ 175, ದಪ್ಪ ಒರಟು ಎಳೆಗೆ 185. ಹಿಂಗತ್ತಿನ ಕಡೆಯ ಒಂದು ಪದರದ ಮೇಲೆ 160ರಿಂದ ಶುರುಮಾಡಿ ಹತ್ತು ಹತ್ತು ಏರಿಸಿ ನೋಡಿ. ಒಂದೇ ಸಲಕ್ಕೆ ಯಾವ ಬಿಸಿಯಲ್ಲಿ ನೇರವಾಗುತ್ತೋ ಅದೇ ನಿಮ್ಮ ಸಂಖ್ಯೆ. ಬಿಸಿ ತೀರಾ ಕಡಿಮೆ ಇಟ್ಟು ನಾಲ್ಕು ಸಲ ಓಡಿಸೋದೂ ಒಳ್ಳೇದಲ್ಲ.

ಗಂಧಕಬಂಧ:

ಪರ್ಮನೆಂಟ್ ಪ್ರಶ್ನೆಗೆ ಉತ್ತರ. ಸ್ಟ್ರೈಟ್ನರ್ ಮುರಿಯುವುದು ಹೈಡ್ರೋಜನ್ ಬಂಧಗಳನ್ನು. ನೀರು ತಾಗಿದರೆ ಅವು ಬಿಚ್ಚಿಕೊಂಡು, ಒಣಗುವಾಗ ಹಳೆಯ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಬೆವರು, ಮಂಜು, ಮಳೆಗೆ ಗುಂಗುರು ವಾಪಸ್ ಬರುವುದು ಇದರಿಂದಲೇ. ಪರ್ಮನೆಂಟ್ ವಿಧಾನಗಳು ಕೈ ಹಾಕುವುದು ಡೈಸಲ್ಫೈಡ್ ಬಂಧಕ್ಕೆ, ಅಂದರೆ ಎರಡು ಗಂಧಕದ ಪರಮಾಣುಗಳ ಕೊಂಡಿಗೆ. ಕೂದಲಿನ ಬಲ ಬಹುಮಟ್ಟಿಗೆ ಇರುವುದೇ ಅಲ್ಲಿ.

"ಪರ್ಮನೆಂಟ್" ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ರಸಾಯನಗಳು ಓಡಾಡುತ್ತವೆ. ಗುಂಗುರು ಬಿಡಿಸುವ ಕ್ರೀಮಾದ ಹೈಡ್ರಾಕ್ಸೈಡ್ ರಿಲ್ಯಾಕ್ಸರ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಗ್ವಾನಿಡೀನ್ ಹೈಡ್ರಾಕ್ಸೈಡ್ ಇರುತ್ತದೆ, ಪಿಎಚ್ 12ಕ್ಕಿಂತ ಮೇಲೆ, ಅಂದರೆ ತೀಕ್ಷ್ಣ ಕ್ಷಾರ. ಇದರಲ್ಲಿ ಬಂಧದ ಎರಡು ಗಂಧಕದಲ್ಲಿ ಒಂದು ಕಳಚಿಹೋಗಿ ಲ್ಯಾಂಥಿಯೋನಿನ್ ಎಂಬ ಬೇರೆ ಬಂಧ ಉಳಿಯುತ್ತದೆ. ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಥಯೋ ವಿಧಾನದಲ್ಲಿ ಅಮೋನಿಯಂ ಥಯೋಗ್ಲೈಕೊಲೇಟ್ ಬಂಧವನ್ನು ಬಿಡಿಸುತ್ತದೆ, ಕೂದಲನ್ನು ಸ್ಟ್ರೈಟ್ನರ್‌ನಿಂದ ನೇರ ಮಾಡುತ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಸೋಡಿಯಂ ಬ್ರೋಮೇಟ್ ಇರುವ ನ್ಯೂಟ್ರಲೈಸರ್ ಹೊಸ ಆಕಾರದಲ್ಲಿ ಬಂಧವನ್ನು ಕೂಡಿಸುತ್ತದೆ. ಎಲ್ಲ ಬಂಧಗಳೂ ಮರಳಿ ಕೂಡಿಕೊಳ್ಳುವುದಿಲ್ಲ, ಹಾಗಾಗಿ ಬಲ ಇಲ್ಲೂ ಇಳಿಯುತ್ತದೆ.

ಇವೆರಡನ್ನು ಒಂದೇ ಕೂದಲ ಮೇಲೆ ಯಾವತ್ತೂ ಸೇರಿಸಬಾರದು. ಥಯೋ ಮಾಡಿಸಿದ ಕೂದಲಿಗೆ ಹೈಡ್ರಾಕ್ಸೈಡ್ ಹಾಕಿದರೆ, ಅಥವಾ ಅದರ ತಿರುವುಮುರುವಾದರೆ, ತೊಳೆಯುವಾಗಲೇ ಕೈಗೆ ಬರಬಹುದು. ಹಿಂದೆ ಏನು ಹಾಕಿಸಿದ್ದು ಎಂದು ಗೊತ್ತಿಲ್ಲದಿದ್ದರೆ ಆ ಭಾಗ ಕತ್ತರಿಸಿ ಹೋಗುವ ತನಕ ಹೊಸದನ್ನು ಹಾಕಿಸಬೇಡಿ.

ಉದ್ದ ಕಳೆಯುವುದು ಮೊದಲ ಸಲ ಮಾಡಿಸಿದಾಗ ಅಲ್ಲ, ಮುಂದಿನ ಸಲಗಳಲ್ಲಿ. ಎಂಟು ಹತ್ತು ವಾರಕ್ಕೆ ಬುಡದಲ್ಲಿ ಎರಡು ಮೂರು ಸೆಂ.ಮೀ. ಗುಂಗುರು ಬಂದಿರುತ್ತದೆ, ಕೆಳಗಿನದು ನೇರ. ಕ್ರೀಮು ಹೊಸ ಬೆಳವಣಿಗೆಗೆ ಮಾತ್ರ ಹೋಗಬೇಕು. ಹಳೆಯ ಭಾಗಕ್ಕೆ ದಟ್ಟವಾಗಿ ಕಂಡೀಷನರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಬಳಿದು ಕಾಪಾಡಬೇಕು. ಬಾಚಣಿಗೆಯಿಂದ ಕ್ರೀಮನ್ನು ತುದಿ ತನಕ ಎಳೆದರೆ ಈಗಾಗಲೇ ಬಂಧ ಕಳೆದುಕೊಂಡ ಜಾಗಕ್ಕೆ ಎರಡನೇ ಏಟು. ಹೈಡ್ರಾಕ್ಸೈಡ್ ತೊಳೆಯುವಾಗ ಬಣ್ಣ ತೋರಿಸುವ ನ್ಯೂಟ್ರಲೈಸಿಂಗ್ ಶಾಂಪೂ ಬಳಸಿದರೆ ಒಳ್ಳೆಯದು. ಕ್ಷಾರ ಉಳಿದಿದ್ದರೆ ನೊರೆ ಗುಲಾಬಿ, ಪೂರ್ತಿ ಹೋದ ಮೇಲೆ ನೊರೆ ಬಿಳಿ. ಹಿಂಗತ್ತು, ಕಿವಿಯ ಹಿಂದೆ ಎರಡು ಸಲ ನೋಡಿ. ಹೆಚ್ಚಾಗಿ ಉಳಿಯುವುದು ಅಲ್ಲೇ. ಗ್ವಾನಿಡೀನ್ ಬಗೆಯದು ನೆತ್ತಿಗೆ ಅಷ್ಟು ಉರಿಯುವುದಿಲ್ಲ, ಆದರೆ ಕ್ಯಾಲ್ಸಿಯಂ ಕೂರಿಸಿ ಕೂದಲನ್ನು ಒಣಕಲು ಮಾಡುತ್ತದೆ. ಅದಕ್ಕೆ ಆ ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಇರುವ ಶಾಂಪೂ ತಿಂಗಳಿಗೊಮ್ಮೆ ಬೇಕಾಗುತ್ತದೆ.

ಇನ್ನು "ಕೆರಾಟಿನ್ ಟ್ರೀಟ್‌ಮೆಂಟ್" ಎಂಬ ಹೆಸರಿನವು. ಹಲವದರಲ್ಲಿ ಕೆಲಸ ಮಾಡುವುದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್, ಇಲ್ಲವೇ ಅದನ್ನು ಬಿಡುಗಡೆ ಮಾಡುವ ಮೀಥಿಲೀನ್ ಗ್ಲೈಕಾಲ್. ಬಿಸಿ ಪ್ಲೇಟು ತಾಗಿದಾಗ ಏಳುವ ಹೊಗೆಯಲ್ಲಿ ಕಣ್ಣು ಗಂಟಲು ಉರಿಯುವುದು ಇದರಿಂದ. ಗ್ಲೈಆಕ್ಸಿಲಿಕ್ ಆಮ್ಲ ಇರುವವನ್ನು ಸುರಕ್ಷಿತ ಎಂದು ಮಾರುತ್ತಾರೆ, ಆದರೆ ಅವುಗಳಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು 2024ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ರಾಸಾಯನಿಕ ಸ್ಟ್ರೈಟನಿಂಗ್ ಬಗ್ಗೆ ಇನ್ನೊಂದು ಮಾತು: 2022ರಲ್ಲಿ ಅಮೆರಿಕದ ಮಹಿಳೆಯರ ಆರೋಗ್ಯದ ಅಧ್ಯಯನ "ಸಿಸ್ಟರ್ ಸ್ಟಡಿ" ಪ್ರಕಟಿಸಿದ ಅಂಕಿಯಂತೆ, ಇವನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ. 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ಇದು ಕಾರಣವೆಂದು ಸಾಬೀತಾದದ್ದಲ್ಲ, ನಂಟು ಕಂಡದ್ದು. ಆದರೂ ತಿಳಿದುಕೊಂಡೇ ನಿರ್ಧರಿಸಿ.

ನೇರವಾಗಿ ಹೇಳುವುದಾದರೆ, ಈಗಾಗಲೇ 210 ಡಿಗ್ರಿಯಲ್ಲಿ ಎರಡು ವರ್ಷ ಬೆಂದ ತುದಿಯ ಮೇಲೆ ಯಾವ ಪರ್ಮನೆಂಟ್ ವಿಧಾನವೂ ಬೇಡ.

ಸುರುಳಿಎಳೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ಧನ್ಯವಾದ. ಟಚಪ್ ಇವತ್ತೇ ನಿಲ್ಲಿಸಿದೆ. ತಲೆಗೆ ನೀರು ಹಾಕಿದಾಗ ಮೇಲಿನದೆಲ್ಲ ಸುರುಳಿಯಾಗುತ್ತೆ, ಕೆಳಗಿನ ಆರು ಸೆಂ.ಮೀ. ಮಾತ್ರ ಕಡ್ಡಿ ಥರ ನೇತಾಡುತ್ತೆ. ಪ್ರೋಟೀನ್ ಮಾಸ್ಕ್ ಹಾಕಿದರೆ ಅದು ವಾಪಸ್ ಬರುತ್ತಾ? ಬಾಚಿದಾಗ ಬರೋದು ಉದುರಿದ್ದೋ ತುಂಡಾಗಿದ್ದೋ ಹೇಗೆ ತಿಳಿಯೋದು?

ಕತ್ತರಿಕೈ:

ಬರಲ್ಲ. ಶಾಖಕ್ಕೆ ಸುರುಳಿ ಕಳೆದುಕೊಂಡ ಭಾಗ ಮತ್ತೆ ಸುರುಳಿಯಾಗಲ್ಲ. ಪ್ರೋಟೀನ್ ಮಾಸ್ಕ್ ಸವೆದ ಜಾಗಕ್ಕೆ ತೇಪೆ ಹಾಕುತ್ತೆ, ಕೆಲವು ತಲೆಸ್ನಾನದ ತನಕ ಗಟ್ಟಿ ಅನ್ನಿಸುತ್ತೆ, ಅಷ್ಟೆ. ಬೇಕೋ ಬೇಡವೋ ಅಂತ ನೋಡೋಕೆ ಒಂದು ಒದ್ದೆ ಎಳೆ ಎಳೆದು ನೋಡಿ. ರಬ್ಬರ್ ಥರ ಹಿಗ್ಗಿ ಹಿಗ್ಗಿ ಮುರಿದರೆ ಪ್ರೋಟೀನ್ ಕೊಡಿ. ಹಿಗ್ಗದೇ ಟಪ್ ಅಂತ ಮುರಿದರೆ ಪ್ರೋಟೀನ್ ನಿಲ್ಲಿಸಿ, ಬರೀ ಕಂಡೀಷನರ್ ಹಾಕಿ.

ಆ ಆರು ಸೆಂ.ಮೀ. ಒಂದೇ ಸಲ ಕತ್ತರಿಸಲೇಬೇಕು ಅಂತೇನಿಲ್ಲ. ಮೂರು ತಿಂಗಳಿಗೆ ಸುಮಾರು ಮೂರೂವರೆ ಸೆಂ.ಮೀ. ಬೆಳೆಯುತ್ತೆ ಅಂದ್ಕೊಳ್ಳಿ. ಪ್ರತಿ ಮೂರು ತಿಂಗಳಿಗೆ ಎರಡು ಸೆಂ.ಮೀ. ತೆಗೆದರೆ ಒಂಬತ್ತು ತಿಂಗಳಲ್ಲಿ ಕೆಟ್ಟದ್ದೆಲ್ಲ ಹೋಗುತ್ತೆ, ಲೆಕ್ಕದಲ್ಲಿ ನಾಲ್ಕೂವರೆ ಸೆಂ.ಮೀ. ಲಾಭವೂ ಉಳಿಯುತ್ತೆ. ಆದರೆ ಸುರುಳಿಯೂ ನೇರವೂ ಸೇರುವ ಗೆರೆ ಇದೆಯಲ್ಲ, ಅಲ್ಲಿ ಎಳೆ ಬಲು ಸುಲಭವಾಗಿ ಮುರಿಯುತ್ತೆ. ಅಲ್ಲೇ ಮುರಿಯೋದು ಕಂಡರೆ ಕಾಯಬೇಡಿ, ಪೂರ್ತಿ ತೆಗೆಸಿ. ಸೀಳು ಮೇಲಕ್ಕೆ ಹತ್ತುತ್ತಾ ಹೋಗುತ್ತೆ. ಇವತ್ತು ಒಂದು ಸೆಂ.ಮೀ. ಉಳಿಸೋಕೆ ಹೋಗಿ ಮುಂದೆ ಮೂರು ಕಳ್ಕೋತೀರಿ.

ಕೂದಲಿಗೆಂದೇ ಇಟ್ಟ ಕತ್ತರಿ ಇರಲಿ. ಕಾಗದ, ಬಟ್ಟೆ ಕತ್ತರಿಸಿ ಮೊಂಡಾದದ್ದು ಎಳೆಯನ್ನು ಜಜ್ಜುತ್ತೆ, ಜಜ್ಜಿದ ಕಡೆಯಿಂದ ಹೊಸ ಸೀಳು ಶುರು. ಬಿಡಿ ಬಿಡಿ ಸೀಳಿದ ಎಳೆ ಕಂಡರೆ ಸೀಳು ಮುಗಿಯುವ ಜಾಗದಿಂದ ಅರ್ಧ ಸೆಂ.ಮೀ. ಮೇಲೆ ಅಡ್ಡಕ್ಕೆ ಕತ್ತರಿಸಿ. ಗಂಟು ಬಿದ್ದ ಎಳೆಗೂ ಇದೇ.

ಉದುರಿದ್ದು ಅಂದರೆ ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇರುತ್ತೆ, ಎಳೆ ನಿಮ್ಮ ಕೂದಲಿನಷ್ಟೇ ಉದ್ದ. ದಿನಕ್ಕೆ 50ರಿಂದ 100 ಉದುರೋದು ಸಹಜ. ವಾರಕ್ಕೊಮ್ಮೆ ಮಾತ್ರ ಬಾಚುವವರ ಕೈಗೆ ಏಳು ದಿನದ್ದು ಒಟ್ಟಿಗೆ ಬರುತ್ತೆ, ಗಾಬರಿ ಬೇಡ. ತುಂಡಾಗಿದ್ದಕ್ಕೆ ಎರಡೂ ಕಡೆ ಗುಂಡು ಇರಲ್ಲ, ಉದ್ದವೂ ಬೇರೆ ಬೇರೆ. ಬಿಳಿ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಾಚಿ ನೋಡಿ, ಎರಡು ಮೂರು ಸೆಂ.ಮೀ. ಚೂರುಗಳೇ ಹೆಚ್ಚಿದ್ದರೆ ತುದಿ ಮುರೀತಿದೆ ಅಂತ ಅರ್ಥ.

ಒದ್ದೆಜಡೆ:

ಒಂದು ವಿಷಯ ಸೇರಿಸ್ತೀನಿ. ಸಿಕ್ಕು ಬಿಡಿಸೋದೇ ಗುಂಗುರು ಕೂದಲಿನಲ್ಲಿ ಉದ್ದ ಹೋಗುವ ದೊಡ್ಡ ಬಾಗಿಲು, ಅದನ್ನು ಯಾರೂ ಹಂತ ಹಂತವಾಗಿ ಹೇಳಲಿಲ್ಲ. "ಒದ್ದೆ ಕೂದಲು ಬಾಚಬಾರದು" ಅನ್ನೋ ಮಾತು ನೇರ ಕೂದಲಿಗೆ ಸರಿ. ಬಿಗಿ ಸುರುಳಿಗೆ ಉಲ್ಟಾ: ಒಣಗಿದ್ದಾಗ ಬಾಚಣಿಗೆಗೆ ಹೆಚ್ಚು ತಡೆ, ಕಂಡೀಷನರ್ ಹಾಕಿ ಒದ್ದೆ ಇದ್ದಾಗ ಕಡಿಮೆ. ಒದ್ದೆ ಎಳೆ ಬೇಗ ಹಿಗ್ಗುತ್ತೆ ಅನ್ನೋದು ನಿಜವೇ, ಹಾಗಾಗಿ ಎಳೆಯಬಾರದು, ಜಾರಿಸಬೇಕು.

ಶಾಂಪೂವನ್ನು ನೆತ್ತಿಗೆ ಮಾತ್ರ ಹಾಕಿ, ಕೂದಲನ್ನು ತಲೆ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ. ನೀರು ಇಳಿಯುವ ದಿಕ್ಕಿಗೇ ತೊಳೀರಿ. ಆಮೇಲೆ ಆರು ಭಾಗ ಮಾಡಿ ಕ್ಲಿಪ್ ಹಾಕಿ. ಒಂದು ಭಾಗ ಬಿಚ್ಚಿ, ಬೆರಳು ಸಲೀಸಾಗಿ ಜಾರುವಷ್ಟು ಕಂಡೀಷನರ್ ಹಾಕಿ. ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೀಟೈಲ್ ಆಲ್ಕೊಹಾಲ್ ಇರುವವು ಚೆನ್ನಾಗಿ ಜಾರುತ್ತವೆ. ಮೊದಲು ಬೆರಳು. ಸಿಕ್ಕಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ತುದಿಯ ಐದು ಸೆಂ.ಮೀ.ಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಬೆರಳು ನಿರಾಳವಾಗಿ ಓಡಿದ ಮೇಲಷ್ಟೇ ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದಲೇ. ಬಾಚಣಿಗೆ ನಿಂತಿತೋ, ತೆಗೆದು ಸ್ವಲ್ಪ ನೀರು, ಸ್ವಲ್ಪ ಕಂಡೀಷನರ್, ಮತ್ತೆ ಬೆರಳು. ಆದ ಭಾಗವನ್ನು ಹಗ್ಗ ಹೊಸೆದ ಹಾಗೆ ಎರಡು ಪಾಲು ಮಾಡಿ ತಿರುಚಿಟ್ಟು ಮುಂದಿನದಕ್ಕೆ ಹೋಗಿ. ಹಾಗೇ ಬಿಟ್ಟರೆ ಪಕ್ಕದ ಭಾಗದ ಜೊತೆ ಮತ್ತೆ ಸಿಕ್ಕಾಗುತ್ತೆ. ತಿರುಚಿದ್ದನ್ನು ಬಿಚ್ಚದೆ ಹಾಗೇ ತೊಳೀರಿ. ದಟ್ಟ ಕೂದಲಿಗೆ ಮುಕ್ಕಾಲು ಗಂಟೆ ಆಗುತ್ತೆ, ಅವಸರ ಇದ್ದ ದಿನ ಮುಟ್ಟಲೇಬೇಡಿ.

ತಲೆಸ್ನಾನಕ್ಕೆ ಅರ್ಧ ಗಂಟೆ ಮುಂಚೆ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಉಪಯೋಗ ಇದೆ. ಅದರ ಲಾರಿಕ್ ಆಮ್ಲ ಎಳೆಯೊಳಗೆ ಇಳಿದು ತೊಳೆಯುವಾಗ ಹೋಗುವ ಪ್ರೋಟೀನನ್ನು ಕಡಿಮೆ ಮಾಡುತ್ತೆ. ಸೂರ್ಯಕಾಂತಿ ಎಣ್ಣೆಯಿಂದಾಗಲಿ ಮಿನರಲ್ ಆಯಿಲ್‌ನಿಂದಾಗಲಿ ಈ ಲಾಭ ಸಿಗಲ್ಲ. ಸ್ಟ್ರೈಟ್ ಮಾಡುವ ದಿನ ಮಾತ್ರ ಶಾಂಪೂನಲ್ಲಿ ಪೂರ್ತಿ ಹೋಗಬೇಕು. ಸ್ಟ್ರೈಟ್ ಮಾಡಿದ ವಾರ ಗ್ಲಿಸರಿನ್ ಇರುವ ಕ್ರೀಮೂ ಬೇಡ, ಅದು ಗಾಳಿಯ ತೇವ ಎಳೆದು ಗುಂಗುರು ತರುತ್ತೆ, ಮತ್ತೆ ಸ್ಟ್ರೈಟ್ನರ್ ಕೈಗೆ ತಗೊಳ್ಳೋ ಹಾಗಾಗುತ್ತೆ.

ರಾತ್ರಿ ಸ್ಯಾಟಿನ್ ದಿಂಬಿನ ಕವರ್, ಸಡಿಲ ಜಡೆ. ಬಿಗಿ ಜಡೆ, ಬಿಗಿ ಜುಟ್ಟು ಬೇಡ: ಹಣೆಯ ಎರಡೂ ಪಕ್ಕದಲ್ಲಿ ನೋವು, ಸಣ್ಣ ಗುಳ್ಳೆ ಕಂಡರೆ ಬುಡಕ್ಕೇ ಪೆಟ್ಟು ಬೀಳ್ತಿದೆ ಅಂತ. ಹಾಗೇ ಮುಂದುವರಿಸಿದರೆ ಅಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ಅಗಲಹಲ್ಲು:

ಒದ್ದೆಜಡೆಯವರು ಹೇಳಿದ ಕ್ರಮ ಸರಿಯಾಗಿದೆ, ಅದನ್ನೇ ಹಿಡೀರಿ. ಅಳೆಯೋ ವಿಧಾನ ಹೇಳೋದು ಮರೆತಿದ್ದೆ. ಸುರುಳಿ ಕೂದಲು ನಿಜವಾದ ಉದ್ದಕ್ಕಿಂತ ಅರ್ಧಕ್ಕೂ ಕಡಿಮೆ ಕಾಣಬಹುದು, ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ. ನೆತ್ತಿ, ಹಿಂಗತ್ತು, ಎರಡು ಕಿವಿಯ ಮೇಲೆ, ಹೀಗೆ ನಾಲ್ಕು ಕಡೆ ಒಂದೊಂದು ಸಣ್ಣ ಗೊಂಚಲು ಆರಿಸಿ, ಮೆಲ್ಲಗೆ ನೇರ ಎಳೆದು ಬುಡದಿಂದ ಟೇಪಿನಲ್ಲಿ ಅಳೆದು ಬರೆದಿಡಿ. ಮೂರು ತಿಂಗಳಾದ ಮೇಲೆ ಅದೇ ಜಾಗ, ಅದೇ ರೀತಿ. ಕತ್ತರಿಸಿದ್ದನ್ನು ಕೂಡಿಸಿ ನೋಡಿದಾಗ ಮೂರು ಸೆಂ.ಮೀ. ಹತ್ತಿರ ಬಂದರೆ ಉದ್ದ ಉಳೀತಿದೆ. ಒಂದೇ ಸೆಂ.ಮೀ. ಬಂದರೆ ಎರಡು ಎಲ್ಲೋ ಮುರಿದಿದೆ. ನಾಲ್ಕರಲ್ಲಿ ಒಂದು ಕಡೆ ಮಾತ್ರ ಹಿಂದೆ ಬಿದ್ದಿದ್ದರೆ ಆ ಜಾಗಕ್ಕೆ ಏನು ಉಜ್ಜುತ್ತೆ ನೋಡಿ. ಹಿಂಗತ್ತಿಗೆ ಅಂಗಿಯ ಕಾಲರ್ರು, ನೆತ್ತಿಗೆ ದಿನಾ ಒಂದೇ ಕಡೆ ಹಾಕುವ ರಬ್ಬರ್ ಬ್ಯಾಂಡು, ಮಲಗುವ ಮಗ್ಗುಲಿನ ಕಡೆಗೆ ದಿಂಬು.